ಮಗುಚದೆ ಕಟ್ಟುವ ಗೂಡುದೀಪ

ದೀಪಾವಳಿಗೆ ಇನ್ನು ಹದಿನೈದು ದಿನ ಎನ್ನುವಾಗ ಅಟ್ಟದಿಂದ ಬಿಸ್ಕತ್ತಿನ ತಗಡು ಡಬ್ಬಿ ಇಳಿಸುತ್ತೇನೆ. ಅದರಲ್ಲಿರುವುದು ವರ್ಷವಿಡೀ ಕೂಡಿಸಿಟ್ಟ ಕಾಗದ. ಮದುವೆ, ಗೃಹಪ್ರವೇಶಗಳ ಹೇಳಿಕೆ ಕಾಗದ ಬಂದ ಲಕೋಟೆಗಳು, ಊದುಬತ್ತಿ ಕಟ್ಟಿನ ಹೊದಿಕೆ, ಬ್ಯಾಂಕಿನ ಕವರುಗಳು. ಬ್ಯಾಂಕಿನ ಕವರು ಹೊರಗಿನಿಂದ ಬೋಳು. ಬಿಡಿಸಿ ಒಳಮೈ ನೋಡಿದರೆ ನವಿರಾದ ನೀಲಿ ಜಾಲರಿ. ಅಷ್ಟು ಚೆಂದದ ನೀಲಿ ಅಂಗಡಿಯ ಯಾವ ಬಣ್ಣದ ಕಾಗದದಲ್ಲೂ ನನಗೆ ಸಿಕ್ಕಿಲ್ಲ.

ಈ ಕಾಗದವನ್ನು ಪಟ್ಟಿ ಮಾಡಿ, ಮಡಚಿ, ಹಬ್ಬಕ್ಕೆ ಕಾರ್ಡು ಮಾಡುತ್ತೇನೆ. ಈ ಮಡಿಕೆ ಕೆಲಸ ಹುಟ್ಟಿದ್ದು ಹಾಲೆಂಡಿನಲ್ಲಿ. ಅಲ್ಲಿಯವರೂ ಮೊದಮೊದಲು ಬಳಸಿದ್ದು ಇಂಥದೇ ಕವರಿನ ಒಳಮೈಯನ್ನು. ಕ್ಯಾಮರಾದ ಕಣ್ಣಿನ ಎಸಳುಗಳು ಮುಚ್ಚಿಕೊಳ್ಳುವ ಹಾಗೆ ಪಟ್ಟಿಗಳು ನಡುವಿನತ್ತ ಸುತ್ತುತ್ತ ಹೋಗುವುದರಿಂದ ಐರಿಸ್ ಫೋಲ್ಡಿಂಗ್ ಎಂಬ ಹೆಸರು. ಅವರು ಕ್ರಿಸ್‌ಮಸ್ಸಿಗೆ ಮರ, ಗಂಟೆ, ಮೇಣದಬತ್ತಿ ಮಾಡುತ್ತಾರೆ. ಐವರ್ನಾಡಿನಲ್ಲಿ ಕೂತ ನಾನು ಮಾಡುವುದು ಗೂಡುದೀಪ. ಬಿದಿರ ಕಡ್ಡಿಯ ಗೂಡುದೀಪಕ್ಕೆ ಆರು ಚೌಕ, ಎಂಟು ತ್ರಿಕೋನ ಬೇಕು. ಕಾರ್ಡಿನಲ್ಲಿ ಮೂಲೆ ಕೆಳಗಾಗಿ ನಿಂತ ಒಂದೇ ಚೌಕ, ಅದರಡಿಗೆ ಎರಡು ಬಾಲ ಸಾಕು, ನಮ್ಮ ಕಡೆಯವರಿಗೆ ಗುರುತು ಹತ್ತುತ್ತದೆ.

ದಪ್ಪ ಕಾಗದದಲ್ಲಿ ಚೌಕ ಕತ್ತರಿಸಿ ತೆಗೆದು, ಕಾರ್ಡನ್ನು ಕವುಚಿ ನಕ್ಷೆಯ ಮೇಲೆ ಇಡಬೇಕು. ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಮಡಿಕೆಯ ಅಂಚು ನಡುವಿನ ಕಡೆ ಬರುವಂತೆ ಗೆರೆಗೆ ಕೂರಿಸಿ, ತುದಿಗಳಿಗೆ ಟೇಪು. ನಾಲ್ಕು ಬದಿಗೆ ನಾಲ್ಕು ಬಣ್ಣ, ಸುತ್ತಿನಿಂದ ಸುತ್ತಿಗೆ ಚೂರು ಓರೆ. ಎಂಟು ಸುತ್ತಿಗೆ 32 ಪಟ್ಟಿ. ಅಷ್ಟು ಹೊತ್ತೂ ಕಣ್ಣಿಗೆ ಬೀಳುವುದು ಟೇಪಿನ ತೇಪೆ, ಕತ್ತರಿಸಿದ ತುದಿಗಳ ಗೋಜಲು. ಚಂದ ಇರುವುದು ಅಡಿಯಲ್ಲಿ. ಎತ್ತಿ ಇಣುಕಿದರೆ ನಕ್ಷೆ ಜಾರುತ್ತದೆ. ಇಣುಕದೆ ಕೂರುವ ಆ ಒಂದು ಗಂಟೆಯೇ ನನಗೆ ಈ ಕೆಲಸದ ರುಚಿ.

ಆಟಿಯ ಮಳೆಯಲ್ಲಿ ಇದಕ್ಕೆ ಕೈ ಹಾಕುವಂತಿಲ್ಲ. ಕಾಗದ ಥಂಡಿಗೆ ಹಪ್ಪಳದ ಹಾಗೆ ಮೆತ್ತಗಾಗಿ, ಮಡಚಿದ ಗೆರೆ ನಿಲ್ಲುವುದಿಲ್ಲ. ಬಿಸಿಲು ಬಿದ್ದ ಮೇಲೆ ಹೆಬ್ಬೆರಳ ಉಗುರಿನಿಂದ ಒಮ್ಮೆ ತೀಡಿದರೆ ಮಡಿಕೆ ಕತ್ತಿಯ ಬಾಯಿಯಂತೆ ಕೂರುತ್ತದೆ. ಕಾಗದಕ್ಕೂ ಅಡಕೆ ಹಾಳೆಯ ಹಾಗೆ ನಾರಿನ ದಿಕ್ಕಿದೆ. ನಾರಿನುದ್ದಕ್ಕೆ ಮಡಚಿದರೆ ಒಪ್ಪುತ್ತದೆ, ಅಡ್ಡಕ್ಕೆ ಮಡಚಿದರೆ ಬಿರಿಯುತ್ತದೆ.

ಬಾಲ ಅಂಟಿಸಲು ಮೊದಲ ವರ್ಷ ಬರೀ ಮೈದಾ ಅಂಟು ಕಾಯಿಸಿದ್ದೆ. ಉಳಿದ ಕಾರ್ಡುಗಳನ್ನು ಮರುವರ್ಷ ತೆಗೆದರೆ ಹುಳ ತಿಂದು ಜರಡಿಯಾಗಿತ್ತು. ಈಗ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಹಾಕುತ್ತೇನೆ, ಪುಸ್ತಕ ಬೈಂಡು ಮಾಡುವವರ ಹಳೆಯ ಉಪಾಯ. ಅದಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಸೇರಿಸಿ ಅಡಕೆಯ ಕೊಳೆರೋಗಕ್ಕೆ ಮದ್ದು ಬಿಡುವ ನಮ್ಮೂರಲ್ಲಿ ಆ ನೀಲಿ ಹರಳು ಮನೆಮನೆಯ ಮೂಲೆಯಲ್ಲಿ ಇದ್ದೇ ಇರುತ್ತದೆ.

ಕೊನೆಗೆ ನಡುವೆ ಉಳಿಯುವ ಪುಟ್ಟ ಕಿಂಡಿಗೆ ಮಿನುಗುವ ಕಾಗದ ಅಂಟಿಸುವುದು ವಾಡಿಕೆ. ನಾನು ಗೂಡುದೀಪಕ್ಕೇ ಹಚ್ಚುವ ತೆಳು ಹಳದಿ ಕಾಗದ ಹಚ್ಚುತ್ತೇನೆ. ಹಿಂದಿನ ತೇಪೆ ಮುಚ್ಚಲು ಇನ್ನೊಂದು ಕಾಗದ ಅಂಟಿಸುವಾಗ ಕಿಂಡಿಯಷ್ಟು ಜಾಗ ಬಿಡುತ್ತೇನೆ. ಹೋದ ವರ್ಷ ಪುತ್ತೂರಿನಿಂದ ದೊಡ್ಡಮ್ಮ ಫೋನು ಮಾಡಿದರು. "ಎಂಥದು ಮಾರಾಯ್ತಿ ಇದು? ಸುಮ್ಮನೆ ಹಣತೆಯ ಎದುರು ನಿಲ್ಲಿಸಿದ್ದು, ಫಕ್ಕ ಬೆಳಗಿತು!"

ಈ ಸಲ ಅವರಿಗೆ ಎರಡು ಕಿಂಡಿಯದು. ಹನ್ನೊಂದನೆಯ ಪಟ್ಟಿಗೆ ಬಂದಿದ್ದೇನೆ, ಇನ್ನೂ ಮಗುಚಿ ನೋಡಿಲ್ಲ.