ದೀಪದ ಮನೆಯಲ್ಲಿ ಪಿಶಾಚಿ

ಚಲಚ್ಚಿತ್ರ ನೋಡುವ ಚಟ ನಮಗಿಲ್ಲ. ಆದರೆ ಕೆಲವು ತಿಂಗಳ ಕೆಳಗೆ ನಮ್ಮ ಸೋದರಳಿಯನು ಬಂದು, "ಮಾವ, ಕಾಪುವಿನ ಕಡಲತೀರದಲ್ಲಿ ತೆಗೆದ ಚಿತ್ರವೊಂದು ಬಂದಿದೆ. ನೀವು ಒಂಬತ್ತು ವರ್ಷ ಮೇಷ್ಟರಾಗಿದ್ದ ಊರಲ್ಲವೆ?" ಎಂದಾಗ ನಮ್ಮ ಮನಸ್ಸು ಸಡಿಲವಾಯಿತು. ಅದು ಪಿಶಾಚಿಯ ಕಥೆಯೆಂದು ತಿಳಿದೇ ಹೊರಟೆವು. ಮೈಸೂರಿಗೆ ಬಂದು ನೆಲೆಸಿದ ಮೇಲೆ ನಮಗೆ ಕಡಲಿನ ದರ್ಶನವೇ ಅಪರೂಪವಾಗಿದ್ದಿತು. ಪಿಶಾಚಿಯ ನೆಪದಲ್ಲಾದರೂ ಕಡಲನ್ನು ಕಾಣಬಹುದೆಂಬ ಆಸೆ.

ಅಲ್ಪ ಬಂಡವಾಳದ ಚಿತ್ರವೆಂಬುದು ಬೇಗನೆ ತಿಳಿಯಿತು. ಅದನ್ನು ದೋಷವೆಂದು ನಾವು ಹೇಳುವುದಿಲ್ಲ. ನಮ್ಮ ಬಯಲಾಟದವರು ಒಂದು ತೆರೆಯನ್ನೂ ಒಂದು ಪೀಠವನ್ನೂ ಇಟ್ಟುಕೊಂಡು ಲಂಕೆಯನ್ನೂ ವೈಕುಂಠವನ್ನೂ ತೋರಿಸಿಬಿಡುತ್ತಾರೆ. ಇಲ್ಲಿ ಕಾಪುವಿನ ದೀಪಸ್ತಂಭವೇ ಪಿಶಾಚಿಯ ನಿವಾಸ. ಬಿಳಿಯ ಸೀರೆಯುಟ್ಟ ಹೆಂಗಸೊಬ್ಬಳು ಅದರ ಮೆಟ್ಟಿಲುಗಳನ್ನು ಹತ್ತುವಳು, ಇಳಿಯುವಳು. ನಾಲ್ವರು ತರುಣರು ಕಿರಿಚುವರು. ಭಯಾನಕರಸಕ್ಕೆ ವಿಭಾವಗಳಾಗಿ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹೇಳಿದ ವಿಕೃತಧ್ವನಿ, ಪಿಶಾಚದರ್ಶನ, ಶೂನ್ಯಗೃಹ ಇವೆಲ್ಲವೂ ಅಲ್ಲಿದ್ದುವು. ರಸ ಮಾತ್ರ ಹುಟ್ಟಲಿಲ್ಲ. ಕೊನೆಗೆ ನಾಯಿಕೆಯು ರಾತ್ರಿಯನ್ನು ದಾಟಿ ಬದುಕಿದಳೆಂದು ತೋರಿಸುವುದಕ್ಕಾಗಿ ಕಡಲಿನಿಂದ ಸೂರ್ಯನು ಉದಯಿಸಿದನು! ಪಡುಗಡಲಿನಲ್ಲಿ ಸೂರ್ಯೋದಯ! ಅಸ್ತಮಾನದ ಚಿತ್ರವನ್ನೇ ಹಿಂದುಮುಂದಾಗಿ ಓಡಿಸಿದ್ದರು. ಆದುದರಿಂದ ತೆರೆಗಳೂ ದಡವನ್ನು ಬಿಟ್ಟು ಕಡಲಿಗೆ ಮರಳುತ್ತಿದ್ದುವು. ನಾವು ನಕ್ಕೆವು. ಸೋದರಳಿಯನಿಗೆ ನಾಚಿಕೆಯಾಯಿತು.

ಆದರೂ ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ನಾಲ್ವರು ತರುಣರ ಹಿಂದೆ, ಯಾರೂ ಲಕ್ಷ್ಯವಿಟ್ಟು ತೋರಿಸದಿದ್ದ ಒಂದು ಕರಿಯ ಬಂಡೆಯನ್ನು ನಾವು ಗುರುತಿಸಿದ್ದೆವು. ಎಷ್ಟೋ ಸಂಜೆಗಳಲ್ಲಿ ಅದರ ಮೇಲೆ ಕುಳಿತು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದವರು ನಾವು. ವಾರ ಕಳೆಯುವುದರೊಳಗೆ ಉಡುಪಿಯ ಬಸ್ಸು ಹತ್ತಿದೆವು.

ಉಡುಪಿಯಿಂದ ತೆಂಕಲಿಗೆ ಸುಮಾರು 13 ಕಿಲೋಮೀಟರು ಹೋದರೆ ಕಾಪು. ಹೆದ್ದಾರಿಯಲ್ಲಿಳಿದು ತೆಂಗಿನ ತೋಟಗಳ ನಡುವೆ ಪಡುವಲಿಗೆ ನಡೆದರೆ ಮೊದಲು ಕಡಲಿನ ಸದ್ದು, ಆಮೇಲೆ ಉಪ್ಪುಗಾಳಿ, ಕಡೆಗೆ ಬಂಡೆಗಳ ಮೇಲೆ ನಿಂತ ದೀಪಸ್ತಂಭ. ಅದನ್ನು ಕಟ್ಟಿದುದು 1901ರಲ್ಲಿ. ಎಣ್ಣೆಯ ದೀಪದ ಕಾಲ ಹೋಗಿ ವಿದ್ಯುತ್ತಿನ ಕಾಲ ಬಂದರೂ ಅದರ ಕೆಲಸ ಬದಲಾಗಿಲ್ಲ. ಒಳಗಿನ ಸುರುಳಿಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದರೆ ಮೂಡಲಿಗೆ ತೆಂಗಿನ ಹಸುರು, ಪಡುವಲಿಗೆ ಕೊನೆಯಿಲ್ಲದ ನೀರು. ಊರೊಳಗೆ ಮೂರು ಮಾರಿಗುಡಿಗಳಿವೆ. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಸಲ ಮಾರಿಪೂಜೆ ನಡೆಯುವುದು. ಈ ಸೀಮೆಯವರಿಗೆ ಭೂತವೆಂದರೆ ಬೆಚ್ಚಿಬೀಳುವ ವಸ್ತುವಲ್ಲ. ಕೋಲ ಕೊಟ್ಟು, ನುಡಿ ಕೇಳಿ, ನ್ಯಾಯ ಬೇಡುವ ದೈವ. ಇವರನ್ನು ಹೆದರಿಸಲು ಬಿಳಿಯ ಸೀರೆ ಸಾಲದು.

ಹಾಗಾದರೆ ಇಲ್ಲಿ ಭಯವೇ ಇಲ್ಲವೆ? ಇದೆ. ನಾವು ಅದನ್ನು ಒಮ್ಮೆ ಕಣ್ಣಾರೆ ಕಂಡಿದ್ದೇವೆ.

ನಾವು ಅಲ್ಲಿಗೆ ಹೋದ ಎರಡನೆಯ ವರ್ಷ, ಅಶ್ವಯುಜ ಮಾಸದಲ್ಲಿ ಒಂದು ದಿನ ತೂಫಾನು ಎದ್ದಿತು. ಏಳನೆಯ ತರಗತಿಯ ಹುಡುಗನೊಬ್ಬನು ಮಧ್ಯಾಹ್ನ ಪಾಠದ ನಡುವೆಯೇ ಎದ್ದುನಿಂತು, "ಸಾರ್, ಅಪ್ಪನ ದೋಣಿ ಬರಲಿಲ್ಲ" ಎಂದನು. ನಾವು ಪುಸ್ತಕ ಮುಚ್ಚಿ ಅವನೊಡನೆ ಕಡಲತೀರಕ್ಕೆ ನಡೆದೆವು. ಅಲ್ಲಿ ಹತ್ತಿಪ್ಪತ್ತು ಮಂದಿ ಹೆಂಗಸರು ಪಡುವಲಿಗೆ ಮುಖಮಾಡಿ ನಿಂತಿದ್ದರು. ಒಬ್ಬರೂ ಕಿರಿಚಲಿಲ್ಲ, ಒಬ್ಬರೂ ಅಳಲಿಲ್ಲ. ಹುಡುಗನ ತಾಯಿಯು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಕತ್ತಲಾಯಿತು, ದೀಪ ಹೊತ್ತಿತು, ಅದರ ಬೆಳಕು ಸುತ್ತಿಸುತ್ತಿ ನೀರಿನ ಮೇಲೆ ಹಾಯತೊಡಗಿತು. ನಡುರಾತ್ರಿಗೆ ದೋಣಿ ಬಂದಿತು. ಒದ್ದೆಮೈಯಲ್ಲಿ ದಡಕ್ಕಿಳಿದ ತಂದೆಯು ನಮ್ಮನ್ನು ಕಂಡು ಹೇಳಿದುದು ಒಂದೇ ಮಾತು: "ದೀಪ ಕಂಡಿತು ಮಾಷ್ಟ್ರೇ."

ಎಲ್ಲ ದೋಣಿಗಳಿಗೂ ಆ ಭಾಗ್ಯವಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ 'ಸುವರ್ಣ ತ್ರಿಭುಜ'ವೆಂಬ ದೋಣಿಯು ಮರಳಲಿಲ್ಲ. ತಿಂಗಳುಗಟ್ಟಲೆ ಮನೆಯವರು ಕಾದರು. 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಕಡಲಿನಾಳದಲ್ಲಿ ಅದರ ಅವಶೇಷವು ಸಿಕ್ಕಿತೆಂದು ನೌಕಾಪಡೆಯವರು ತಿಳಿಸಿದರು. ಆ ಏಳು ಮನೆಗಳ ಬಾಗಿಲಲ್ಲಿ ನಿಂತ ಭಯವನ್ನು ಚಿತ್ರಿಸಲು ಹಣವೇನೂ ಬೇಕಾಗಿರಲಿಲ್ಲ. ಒಂದು ಸಂಜೆ ಸುಮ್ಮನೆ ದಡದಲ್ಲಿ ನಿಂತು ಜನರ ಮುಖ ನೋಡುವ ತಾಳ್ಮೆ ಸಾಕಾಗಿದ್ದಿತು.

ನಾವು ಚಿತ್ರದವರ ಮೇಲೆ ಕೋಪಿಸಿಕೊಂಡೆವಲ್ಲ, ಅದು ನಿಜವಾಗಿ ಸೂರ್ಯೋದಯದ ತಪ್ಪಿಗಲ್ಲವೆಂಬುದು ಬಂಡೆಯ ಮೇಲೆ ಕುಳಿತಾಗ ತಿಳಿಯಿತು. ಜನರ ಭಯವನ್ನು ಕಳೆಯುವುದಕ್ಕೆಂದೇ ನಿಂತ ಮನೆಯಲ್ಲಿ ಅವರು ಭಯವನ್ನು ಬಾಡಿಗೆಗಿಟ್ಟರು. ಅದೇ ನಮಗೆ ನೋವು.

ಸೂರ್ಯನು ಎಂದಿನಂತೆ ಕಡಲಿನಲ್ಲಿಯೇ ಮುಳುಗಿದನು. ಬಲೆ ಮಡಚುತ್ತಿದ್ದ ಮಧ್ಯವಯಸ್ಸಿನವನೊಬ್ಬನು ಹತ್ತಿರ ಬಂದು ನಮ್ಮ ಮುಖ ನೋಡಿ, "ಮಾಷ್ಟ್ರಲ್ವಾ?" ಎಂದು ಕೈಮುಗಿದನು. ಅಂದು ತರಗತಿಯಲ್ಲಿ ಎದ್ದುನಿಂತಿದ್ದ ಹುಡುಗನೇ! ತಂದೆ ಇದ್ದಾರೆಯೇ ಎಂದು ಕೇಳಿದೆವು. "ಇದ್ದಾರೆ ಸಾರ್. ಈಗ ಕಡಲಿಗೆ ಹೋಗುವುದಿಲ್ಲ. ದೀಪ ಹೊತ್ತುವ ಹೊತ್ತಿಗೆ ಮಾತ್ರ ಜಗಲಿಗೆ ಬಂದು ಕೂತುಕೊಳ್ಳುತ್ತಾರೆ" ಎಂದನು. ನಾವು ಎದ್ದು ಅವನೊಡನೆ ಅವನ ಮನೆಯ ಕಡೆಗೆ ನಡೆದೆವು. ನಮ್ಮ ಬೆನ್ನ ಹಿಂದೆ ದೀಪ ಹೊತ್ತಿತು.