ಗಿಟಾರ್ ಯಾವ ಕಂಪನಿದ್ರೀ?

ಆರ್ಕೆಸ್ಟ್ರಾ ಮುಗಿಸಿ ಸ್ಟೇಜ್ ಇಳಿಯುವ ಹೊತ್ತಿಗೆ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: "ಸರ, ಗಿಟಾರ್ ಯಾವ ಕಂಪನಿದ್ರೀ?" ಪಕ್ಕದಲ್ಲೇ ನಿಂತಿರುವ ಹಾಡುಗಾರನಿಗೆ "ಗಂಟಲಾ ಯಾವ ಕಂಪನಿದ್ರೀ?" ಅಂತ ಮಾತ್ರ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ :-)

ಈಗ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದಿದೆ. ತಿಕೋಟಾದಲ್ಲಿರುವ ಅಕ್ಕನ ಮಗ ಎರಡು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದಾನೆ. "ಮಾಮಾ, ಏನ್ ಮಾಡಿದ್ರೂ ಆ ಟೋನ್ ಬರವಲ್ದು. ಲಕ್ಷ ರೂಪಾಯಿದ್ದು ತಗೊಂಡ್ರನ ಬರತದ ನೋಡ್ರಿ" ಅಂತ ಅವನ ವಾದ. ಭಾವನದು ನಾಲ್ಕು ಎಕರೆ ದ್ರಾಕ್ಷಿ. ಈ ಸಲ ಒಣಗಲು ಹಾಕಿದ್ದ ಮಾಲಿಗೆ ಅಕಾಲಿಕ ಮಳೆ ಬಡಿದು ಅರ್ಧಕ್ಕರ್ಧ ಕಪ್ಪಾಗಿದೆ. ಆದರೂ ಮಗ ಕೇಳಿದ ಅಂತ ಭಾವ ಸಾಲ ತೆಗೆಯುವ ಯೋಚನೆಯಲ್ಲಿದ್ದರು. ಅಕ್ಕ ಫೋನ್ ಮಾಡಿ, "ನೀನ ಬಂದು ನೋಡಿ ಹೇಳಪಾ, ಅದು ಖರೇನ ಬೇಕೇನು?" ಅಂದಳು.

ಹೋದ ಭಾನುವಾರ ವಿಜಯಪುರದಿಂದ ನನ್ನ ಗಿಟಾರ್ ಹೊತ್ತುಕೊಂಡು ಹೋದೆ. ವಾದ ಮಾಡಲಿಲ್ಲ. ನನ್ನದನ್ನು ಅವನ ಕೈಗೆ ಕೊಟ್ಟೆ, ಅವನ ಏಳು ಸಾವಿರದ ಗಿಟಾರನ್ನು ನಾನು ಹಿಡಿದೆ. ಭಾವನನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದೆವು. ಒಂದೇ ಸಾಲನ್ನು ಇಬ್ಬರೂ ಬಾರಿಸಿದೆವು, ಒಮ್ಮೊಮ್ಮೆ ಗಿಟಾರ್ ಅದಲುಬದಲು ಮಾಡಿಕೊಂಡು. ಸಂಗೀತದ ಗಂಧವಿಲ್ಲದ ಭಾವ ಐದಕ್ಕೆ ಐದು ಸಲವೂ "ಇದು ನೀನು, ಇದು ನಮ್ಮಾಂವ" ಅಂತ ಸರಿಯಾಗಿ ಹೇಳಿಬಿಟ್ಟರು!

ಯಾಕೆ ಹೀಗೆ? ಪಿಕ್ಕನ್ನು ಎಷ್ಟು ಓರೆಯಾಗಿ ಹಿಡಿಯುತ್ತೀರಿ, ಬ್ರಿಡ್ಜಿನ ಹತ್ತಿರ ಮೀಟುತ್ತೀರೋ ದೂರವೋ, ಎಡಗೈ ಬೆರಳು ಸ್ವರವನ್ನು ಹೇಗೆ ಅಲುಗಿಸುತ್ತದೆ, ಬೇಡದ ತಂತಿಗಳನ್ನು ಅಂಗೈ ಹೇಗೆ ಸುಮ್ಮನಿರಿಸುತ್ತದೆ... ಟೋನ್ ಹುಟ್ಟುವುದೇ ಇಲ್ಲಿ. 1580ರಿಂದ 1627ರವರೆಗೆ ನಮ್ಮೂರನ್ನು ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ತಂಬೂರಿಗೆ 'ಮೋತಿ ಖಾನ್' ಅಂತ ಹೆಸರಿಟ್ಟಿದ್ದ. ಅಮೆರಿಕದ ಬಿ.ಬಿ. ಕಿಂಗ್ ತನ್ನ ಗಿಟಾರಿಗೆ 'ಲೂಸಿಲ್' ಅಂತ ಇಟ್ಟಿದ್ದ. ಮಜಾ ಏನಂದರೆ ಕಿಂಗನ ಲೂಸಿಲ್ ಒಂದಲ್ಲ. ದಶಕಗಳಲ್ಲಿ ಎಷ್ಟೋ ಗಿಟಾರುಗಳು ಬಂದು ಹೋದವು, ಎಲ್ಲಕ್ಕೂ ಅದೇ ಹೆಸರು. ಒಂದು ಸ್ವರ ಎಳೆದು ಎಡಗೈ ನಡುಗಿಸಿದರೆ ಸಾಕು, ಕೇಳುವವರಿಗೆ ಕಿಂಗ್ ಅಂತ ಗೊತ್ತಾಗುತ್ತಿತ್ತು.

ಹಾಗಂತ ಸಾಮಾನಿನ ಲೆಕ್ಕವೇ ಇಲ್ಲ ಅಂತಲ್ಲ. ತಂತಿಯ ಕೆಳಗಿರುವ ಪಿಕಪ್ ಅಂದರೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಉಕ್ಕಿನ ತಂತಿ ಅಲುಗಿದರೆ ಎಳೆಯಲ್ಲಿ ಕರೆಂಟ್ ಹುಟ್ಟುತ್ತದೆ. ಕುತ್ತಿಗೆ ಕಡೆಯ ಪಿಕಪ್ಪಿನಲ್ಲಿ ದನಿ ದಪ್ಪ, ಬ್ರಿಡ್ಜ್ ಕಡೆಯದರಲ್ಲಿ ಚೂಪು. ಒಂದೇ ಸುರುಳಿಯದಾದರೆ ನಮ್ಮ 50 ಸೈಕಲ್ ಕರೆಂಟಿನ 'ಗುಂಯ್' ಕೂಡ ಒಳಗೆ ಬರುತ್ತದೆ. ಅದನ್ನು ಅಡಗಿಸಲು 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಯ ಹಂಬಕರ್ ಮಾಡಿದ. ಕೇಬಲ್ ಉದ್ದವಾದಷ್ಟೂ ದನಿಯ ಹೊಳಪು ಕಡಿಮೆ. ತಂತಿಗೆ ಜಂಗು ಹಿಡಿದರಂತೂ ಮುಗಿದೇ ಹೋಯಿತು.

ಎಲ್ಲರೂ ಮರೆಯುವುದು ಸ್ಪೀಕರನ್ನು. ಬಬಲೇಶ್ವರದ ಒಂದು ಆರತಕ್ಷತೆಯಲ್ಲಿ ಸೌಂಡಿನ ಹುಡುಗರು ನನ್ನ ಡಿಸ್ಟಾರ್ಷನ್ ಪೆಡಲನ್ನು ಸೀದಾ ಮಿಕ್ಸರಿಗೆ ಸಿಕ್ಕಿಸಿದ್ದರು. ಕಣಜದ ಹುಳಗಳು ತಗಡಿನ ಡಬ್ಬಿಯೊಳಗೆ ಹೊಕ್ಕಂತೆ ದನಿ! ಕಾರಣ ಸರಳ. ಗಿಟಾರ್ ಆಂಪಿನ ಸ್ಪೀಕರ್ ಸುಮಾರು 5000 ಹರ್ಟ್ಜ್ ದಾಟಿದ ಮೇಲೆ ಹೆಚ್ಚಿಗೆ ನುಡಿಯುವುದೇ ಇಲ್ಲ, ಕರ್ಕಶವೆಲ್ಲ ಅಲ್ಲೇ ಸೋಸಿಹೋಗುತ್ತದೆ. ಸಭೆಯ ಸ್ಪೀಕರಿನ ಹಾರ್ನ್ ಎಲ್ಲವನ್ನೂ ಬಿಡದೆ ಒದರುತ್ತದೆ.

ದನಿ ಕೊನೆಗೆ ಬಂದು ಸೇರುವುದು ಕೋಣೆಗೆ. ಗೋಲಗುಮ್ಮಟದ ಒಳಗಿನ ಅಗಲ ಹತ್ತಿರ ಹತ್ತಿರ 38 ಮೀಟರ್. ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಶಬ್ದ ಎದುರು ಗೋಡೆಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಬೇಕು. ಡಿಲೇ ಪೆಡಲನ್ನು 220 ಮಿಲಿಸೆಕೆಂಡಿಗೆ ತಿರುವಿದರೆ ಸಿಗುವುದು ಅಷ್ಟೇ ಅಂತರ. 1656ರ ಹೊತ್ತಿನ ಕಟ್ಟಡ ಮಾಡುವ ಕೆಲಸವನ್ನೇ ನಾವು ಕಾಲಕೆಳಗೆ ಇಟ್ಟುಕೊಂಡು ಮೆರೆಯುತ್ತೇವೆ :-)

ಅಳಿಯನ ಸಾಮಾನು ನೋಡಿದೆ. ತಂತಿ ಎರಡು ವರ್ಷದ್ದು, ಕೇಬಲ್ ಮೂವತ್ತು ಅಡಿ, ಪೆಡಲ್ ಸೀದಾ ಹೋಮ್ ಥಿಯೇಟರಿಗೆ. ಕೈ ಅವನದೇ, ಇನ್ನೂ ಪಳಗಬೇಕು. ಆದರೆ ಕಣಜದ ಹುಳ ಎಲ್ಲಿದ್ದವು ಅಂತ ಗೊತ್ತಾಯಿತು. ಗಣಪತಿ ಹಬ್ಬಕ್ಕೆ ಇಡುತ್ತಿದ್ದ ಹಳೇ ಹನ್ನೆರಡಿಂಚಿನ ಸ್ಪೀಕರ್ ಬಾಕ್ಸ್ ಶೆಡ್ಡಿನಲ್ಲಿತ್ತು. "ಇದರ ಟ್ವೀಟರ್ ವೈರ್ ಬಿಚ್ಚಬೇಕು" ಅಂದೆ. ಪಂಪು, ಸ್ಪ್ರೇಯರ್ ಎಲ್ಲ ತಾವೇ ರಿಪೇರಿ ಮಾಡುವ ಭಾವ ಸ್ಕ್ರೂಡ್ರೈವರ್ ಹಿಡಿದೇ ಬಿಟ್ಟರು. ಮಗ ಟಾರ್ಚ್ ಹಿಡಿದ. ಕೇಬಲ್ ಕತ್ತರಿಸಿ ಬೆಸುಗೆಯನ್ನೂ ಭಾವನೇ ಹಾಕಿದರು.

ಬ್ರಿಟನ್ನಿನ ಬ್ರಯಾನ್ ಮೇ 1963ರಲ್ಲಿ ತನ್ನ ಅಪ್ಪನ ಜೊತೆ ಕೂತು ಗಿಟಾರ್ ಕಟ್ಟಲು ಶುರುಮಾಡಿದ. ಅದರ ಕುತ್ತಿಗೆಗೆ ಹಳೇ ಬೆಂಕಿಗೂಡಿನ ಚೌಕಟ್ಟಿನ ಮರ. ಮುಂದೆ ಕ್ವೀನ್ ತಂಡದಲ್ಲಿ ಲೋಕವೆಲ್ಲ ಕೇಳಿದ್ದು ಅದನ್ನೇ. ಬಾರಿಸಲು ಪಿಕ್ಕಿನ ಬದಲು ಆರು ಪೆನ್ಸಿನ ನಾಣ್ಯ! ತಿಕೋಟಾದಲ್ಲಿ ಅಷ್ಟೇನೂ ಆಗಲಿಲ್ಲ. ಹೊಸ ತಂತಿಗೆ ಆರು ನೂರು ರೂಪಾಯಿ ಖರ್ಚಾಯಿತು, ಸಾಲದ ಮಾತು ನಿಂತಿತು. ಅಳಿಯ ಒಂದು ಸ್ವರ ಎಳೆದ. ಈ ಸಲ ಅದು ಕಿವಿಗೆ ಚುಚ್ಚಲಿಲ್ಲ. ಅವರಪ್ಪ ಮೆಲ್ಲಗೆ, "ಇನ್ನೊಮ್ಮೆ ಬಾರಿಸು" ಅಂದರು. ಮಗನಿಗೆ ಅವರು ಹಾಗೆ ಹೇಳಿದ್ದು ಅದೇ ಮೊದಲಂತೆ, ಅಕ್ಕ ಹೇಳಿದಳು.

ನಿಮ್ಮಲ್ಲಿ ಬಾರಿಸುವವರಿದ್ದರೆ ಮನೆಯವರನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿ, ಈ ಆಟ ಆಡಿ ನೋಡಿ. ಗುರುತು ಹಿಡಿದರೇ? ಹೇಳ್ರಿ ಮತ್ತ.