800 ರೂಪಾಯಿಯ ಲಾಜಿಕ್ ಅನಲೈಸರ್

ವಿಜ್ಞಾನದ ಮೇಷ್ಟರಾಗಿದ್ದಷ್ಟು ಕಾಲ ಕರಿಹಲಗೆಯ ಮೇಲೆ ಸರ್ಕ್ಯೂಟು ಬರೆದೆನೇ ಹೊರತು ಬೆಸುಗೆ ಹಾಕಲು ಪುರುಸೊತ್ತಾದದ್ದು ನಿವೃತ್ತಿಯ ನಂತರವೇ. ಕಳೆದ ಮಳೆಗಾಲದಲ್ಲಿ ತಾರಸಿಯ ಟ್ಯಾಂಕಿನ ನೀರಿನ ಮಟ್ಟವನ್ನು ಕಂಪ್ಯೂಟರಿಗೆ ತಿಳಿಸುವ ಸಾಧನವೊಂದನ್ನು ಮಾಡಹೊರಟೆ. ಎಟಿಮೆಗಾ328ಪಿ ಚಿಪ್ಪು ಕಳಿಸಿದ್ದೆಲ್ಲ ಅರ್ಥವಿಲ್ಲದ ಅಕ್ಷರಗಳು. ಮಲ್ಟಿಮೀಟರಿನಲ್ಲಿ ವೋಲ್ಟೇಜು ಸರಿಯಾಗಿಯೇ ಇತ್ತು. ಹದಿನೈದು ದಿನ ಪ್ರೋಗ್ರಾಮನ್ನೇ ಶಪಿಸಿದೆ. "ಬಕೆಟ್ ಇಳಿಬಿಟ್ಟು ನೋಡಿದರಾಗದೇ?" ಎಂದಳು ಮನೆಯಾಕೆ.

ಆಸಿಲೋಸ್ಕೋಪ್ ನನ್ನ ಪಿಂಚಣಿಗೆ ಎಟುಕುವಂಥದಲ್ಲ. ಅಲ್ಲದೆ ಅದು ತೋರಿಸುವುದು ಅಲೆಯ ಆಕಾರವನ್ನು. ನನಗೆ ಬೇಕಿದ್ದುದು ಸೊನ್ನೆ ಒಂದುಗಳು ಎಷ್ಟೆಷ್ಟು ಹೊತ್ತಿಗೆ ಬದಲಾದವು ಎಂಬ ಲೆಕ್ಕ ಮಾತ್ರ. ಅದಕ್ಕೆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಲಾಜಿಕ್ ಅನಲೈಸರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು 800 ರೂಪಾಯಿಗೆ ಸಿಕ್ಕಿತು: ಎಂಟು ತಂತಿ, ಸೆಕೆಂಡಿಗೆ 2.4 ಕೋಟಿ ಮಾದರಿ. ಈ ದೊಡ್ಡ ಸಂಖ್ಯೆಗೆ ಮರುಳಾಗಬಾರದು. ನೋಡಬೇಕಾದ ಸಂಕೇತದ ವೇಗಕ್ಕಿಂತ ಕನಿಷ್ಠ ನಾಲ್ಕು ಪಟ್ಟು ವೇಗದಲ್ಲಿ ಮಾದರಿ ತೆಗೆದರಷ್ಟೇ ಚಿತ್ರ ನಂಬಲರ್ಹ. 400 ಕಿಲೋಹರ್ಟ್ಸ್‌ನ ಐ2ಸಿಗೆ ಇದು ಧಾರಾಳ. 8 ಮೆಗಾಹರ್ಟ್ಸ್‌ನ ಎಸ್‌ಪಿಐಗೆ ಸಾಲದು. ಪೆಟ್ಟಿಗೆಯೊಳಗೆ ಸ್ಮೃತಿಯಿಲ್ಲ, ಎಲ್ಲವನ್ನೂ ಕೂಡಲೇ ಕಂಪ್ಯೂಟರಿಗೆ ಸುರಿಯುತ್ತದೆ. ಹಳೆಯ ಲ್ಯಾಪ್‌ಟಾಪು ತಡವರಿಸಿದರೆ ವೇಗ ತಗ್ಗಿಸಬೇಕು. 5 ವೋಲ್ಟಿಗಿಂತ ಹೆಚ್ಚಿನದಕ್ಕೆ ತಾಗಿಸಲೇಬಾರದು.

ಅಂಗಡಿಯಾತ ಒಂದು ಸಲಹೆಯನ್ನೂ ಕೊಟ್ಟ: "ಸಾರ್, ಸೇಲಿಯೇ ಕಂಪನಿಯ ಸಾಫ್ಟ್‌ವೇರ್ ಹಾಕಿಕೊಳ್ಳಿ, ಇದನ್ನು ತನ್ನದೇ ಅಂದುಕೊಳ್ಳುತ್ತೆ." ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನಕಲು ಮಾಡಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಆ ಕಂಪನಿಯವರು ತಮ್ಮ ಯಂತ್ರ ಕೊಂಡವರಿಗೆಂದು ಬರೆದ ತಂತ್ರಾಂಶವನ್ನು ಹೀಗೆ ಬಳಸಲು ಮನಸ್ಸೊಪ್ಪಲಿಲ್ಲ. ಸಿಗ್‌ರಾಕ್ ಯೋಜನೆಯವರ ಪಲ್ಸ್‌ವ್ಯೂ ಇದೆ, ಮುಕ್ತ, ಉಚಿತ. ಅದನ್ನೇ ಹಾಕಿಕೊಂಡೆ. ಮೊದಲ ದಿನ ಏನೂ ಸರಿಯಾಗಿ ಕಾಣಲಿಲ್ಲ. ಗ್ರೌಂಡ್ ತಂತಿ ಜೋಡಿಸುವುದನ್ನೇ ಮರೆತಿದ್ದೆ!

ಮರುದಿನ ಪರದೆಯ ಮೇಲೆ ಅಳೆದು ನೋಡಿದೆ. 9600 ವೇಗದಲ್ಲಿ ಒಂದು ಬಿಟ್ಟು ಸುಮಾರು 104 ಮೈಕ್ರೋಸೆಕೆಂಡು ಇರಬೇಕು. ಇಲ್ಲಿದ್ದದ್ದು 833ರ ಆಸುಪಾಸು. ಸರಿಯಾಗಿ ಎಂಟು ಪಟ್ಟು! ಹೊಸ ಚಿಪ್ಪು ತನ್ನ 8 ಮೆಗಾಹರ್ಟ್ಸ್ ಗಡಿಯಾರವನ್ನು ಎಂಟರಿಂದ ಭಾಗಿಸಿಕೊಂಡೇ ಕಾರ್ಖಾನೆಯಿಂದ ಬರುತ್ತದೆ. ಪಾಪ, ಪ್ರೋಗ್ರಾಮಿನ ತಪ್ಪೇನೂ ಇರಲಿಲ್ಲ. ಆ ಫ್ಯೂಸನ್ನು ಬದಲಿಸಿದೆ. "ಟ್ಯಾಂಕ್ 62" ಎಂದು ಮೂಡಿತು. ಮನೆಯಾಕೆ ತಾರಸಿಗೆ ಹೋಗಿ ಬಕೆಟ್ ಇಳಿಬಿಟ್ಟು ನೋಡಿಬಂದು, "ಇರಬಹುದು" ಎಂದಳು.